ಬೆಂಕಿಯ ಪಾಲು

"ಗುರುಗಳೆ, ಅಳೆದು ಅಳೆದು ಕೊಟ್ಟರೂ ಸಾಲದೆಂದರೆ ಇನ್ನೇನು ಕೊಡಬೇಕು?" ಎಂದು ಅಂದಾನಿ ಕೇಳಿದ.

ಮಠದಲ್ಲಿ ಕೊಟ್ರಜ್ಜನೆಂಬ ಮುದುಕನಿದ್ದ. ಅವನನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ಅಂದಾನಿಯದು. ಅಂದು ಬೆಳಿಗ್ಗೆ ಮುದುಕ ಗಂಟು ಕಟ್ಟಿ, ಇನ್ನು ಇಲ್ಲಿರಲಾರೆ ಎಂದು ಬಾಗಿಲ ಬಳಿ ಕುಳಿತುಬಿಟ್ಟಿದ್ದ.

"ಹೊತ್ತಿಗೆ ಸರಿಯಾಗಿ ಗಂಜಿ, ಮೀಯಲು ಬಿಸಿನೀರು, ಒಗೆದ ಪಂಚೆ. ಒಂದು ದಿನವೂ ತಪ್ಪಿಸಿಲ್ಲ. ಎಷ್ಟು ಬೇಕೋ ಅಷ್ಟನ್ನೂ ಕೊಟ್ಟಿದ್ದೇನೆ. ಏನು ಕಡಿಮೆಯಾಯಿತು ಅಜ್ಜ ಎಂದರೆ, 'ಅದನ್ನೂ ನಾನೇ ಹೇಳಬೇಕೇನೋ ತಮ್ಮ' ಎನ್ನುತ್ತಾರೆ."

ಗುರುಗಳು ಈ ಕತೆ ಹೇಳಿದರು.

ಜಪಾನ್ ದೇಶದ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಳತೆಗೆ ಹೆಸರಾದವನು. ಅವನ ಅಂಗಡಿಯಲ್ಲಿ ಬಟ್ಟೆ ಒಂದು ಎಳೆ ಕಡಿಮೆ ಬರುತ್ತಿರಲಿಲ್ಲ, ಒಂದು ಎಳೆ ಹೆಚ್ಚೂ ಬರುತ್ತಿರಲಿಲ್ಲ.

ಅವನ ತಾಯಿಗೆ ಲಕ್ವ ಹೊಡೆದು ಎಡಗೈ ಸೋತಿತು. ಆ ದೇಶದಲ್ಲಿ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ, ಬಾಯಿಯ ಹತ್ತಿರ ಹಿಡಿದು ಉಣ್ಣುತ್ತಾರೆ. ಕೆಳಗಿಟ್ಟ ಬಟ್ಟಲಿಗೆ ಬಾಗಿ ಉಂಡರೆ ನಾಯಿ ಉಂಡ ಹಾಗೆ ಎನ್ನುತ್ತಾರೆ. ಮುದುಕಿಯ ಹಳೆಯ ಬಟ್ಟಲು ಕೈಯಿಂದ ಜಾರಿ ಒಡೆಯಿತು. ಸೊಸೆ ತಿನ್ನಿಸಲು ಬಂದರೆ ಅವಳು ಬಾಯಿ ಬಿಗಿದಳು. "ಎತ್ತಿ ಉಣ್ಣಲಾರದವಳಿಗೆ ಊಟವೇಕೆ?" ಎಂದಳು. ಅಂದಿನಿಂದ ನಾಲ್ಕು ಗುಟುಕು ತಿಳಿಗಂಜಿಯಲ್ಲೇ ದಿನ ಕಳೆಯತೊಡಗಿದಳು. ಮಗನ ಕಣ್ಣೆದುರಿಗೇ ಕರಗುತ್ತ ಹೋದಳು.

ಊರಾಚೆಯ ಗುಡ್ಡದಲ್ಲಿ ಪಿಂಗಾಣಿ ಮಾಡುವವನೊಬ್ಬನಿದ್ದ. ಬಿಳಿಯ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ, ಕಲಸಿ ನಾದಿ, ತಿಗರಿಯ ಮೇಲಿಟ್ಟು ಬಟ್ಟಲು ಎತ್ತುತ್ತಿದ್ದ. ಅರಮನೆಗೆ ಹೋಗುವ ಸರಕು ಅವನದಲ್ಲ. ದಿನದ ಅನ್ನಕ್ಕೆ, ದಿನದ ಸಾರಿಗೆ ಬೇಕಾದವನ್ನೇ ಮಾಡುತ್ತಿದ್ದ. ಅವನ ಬಟ್ಟಲಿನಲ್ಲಿ ಉಂಡವರು, ಬೇರೆಯದನ್ನು ಕೈ ಒಪ್ಪುವುದಿಲ್ಲ ಎನ್ನುತ್ತಿದ್ದರು.

ವ್ಯಾಪಾರಿ ಅವನ ಬಳಿಗೆ ಹೋಗಿ, ಒಡೆದ ಬಟ್ಟಲಿನ ಅಗಲವನ್ನೂ ಎತ್ತರವನ್ನೂ ಹೇಳತೊಡಗಿದ.

"ಬಟ್ಟಲಿನ ಅಳತೆ ಬೇಡ ಸಾಹುಕಾರರೆ. ತಾಯಿಯವರ ಕೈ ಬೇಕು," ಎಂದು ಅವನು ಒಂದು ಮುದ್ದೆ ಹಸಿ ಮಣ್ಣು ಕೊಟ್ಟು ಕಳಿಸಿದ.

ವ್ಯಾಪಾರಿ ಅದನ್ನು ತಾಯಿಯ ಎಡಗೈಯಲ್ಲಿಟ್ಟು, "ಇದನ್ನೊಮ್ಮೆ ಬಿಗಿಯಾಗಿ ಹಿಡಿ ಅಮ್ಮ," ಎಂದ.

"ಅನ್ನ ತಿನ್ನಿಸಿ ಸಾಕಾಯಿತು, ಇನ್ನು ಮಣ್ಣು ತಿನ್ನಿಸುತ್ತೀಯೋ?" ಎಂದಳು ಮುದುಕಿ. ಆದರೂ ಹಿಡಿದಳು.

ಗುಡ್ಡಕ್ಕೆ ಮರಳಿ ಬಂದ ಆ ಮಣ್ಣಿನಲ್ಲಿ ಬೆರಳು ಒತ್ತಿದ್ದ ತಗ್ಗುಗಳಲ್ಲಿ ಪಿಂಗಾಣಿಯವನು ತನ್ನ ಬೆರಳಿಟ್ಟು ಕಣ್ಣು ಮುಚ್ಚಿ ಕುಳಿತ. "ಹೆಬ್ಬೆರಳಿನಲ್ಲಿ ಬಲ ಉಳಿದಿದೆ. ನಡುವಿನ ಎರಡು ಬೆರಳುಗಳಲ್ಲೂ ಇದೆ. ಸಾಕು," ಎಂದ. ತಿಗರಿ ತಿರುಗಿಸಿದ. ಆ ಎರಡು ಬೆರಳು ಅಡಿಯಲ್ಲಿ ತೂರಿ ನಿಲ್ಲುವಂತೆ ಬಟ್ಟಲಿಗೆ ಬಳೆಯಂಥ ಪಾದ ಕೊಟ್ಟ. ಹೆಬ್ಬೆರಳು ಜಾರದಂತೆ ಅಂಚನ್ನು ಚೂರು ಹೊರಕ್ಕೆ ಬಾಗಿಸಿದ. ನೋಡುತ್ತಿದ್ದ ವ್ಯಾಪಾರಿಗೆ ಉಸಿರಾಡಲೂ ಮರೆಯಿತು. ಆದರೆ ಬಟ್ಟಲು ಮುಗಿದಾಗ ಅವನ ಮುಖ ಸಪ್ಪಗಾಯಿತು.

"ಇದು ಕುಸ್ತಿಯವನ ಬಟ್ಟಲಾಯಿತು. ನಮ್ಮಮ್ಮನ ಕೈ ಇದರಡಿ ಮುಳುಗಿಹೋಗುತ್ತದೆ."

"ಬೆಂಕಿಯ ಪಾಲನ್ನು ಸೇರಿಸಿದ್ದೇನೆ. ಮಣ್ಣು ಸುಡುವ ಆವಿಗೆಯೊಳಗೆ ಹೋದ ಬಟ್ಟಲು ಹೋದಷ್ಟೇ ಹೊರಗೆ ಬರುವುದಿಲ್ಲ. ನಿಮ್ಮ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುವುದಿಲ್ಲವೆ?"

"ಅದು ಕೊಂಡವರ ಪಾಡು," ಎಂದ ವ್ಯಾಪಾರಿ. "ನನ್ನ ಅಳತೆ ಈವರೆಗೆ ತಪ್ಪಿಲ್ಲ. ಈಗಲೇ ಕೈಗೆ ಸರಿಹೊಂದುವಂಥದ್ದನ್ನು ಮಾಡಿಕೊಡಿ."

ಪಿಂಗಾಣಿಯವನು ಮತ್ತೆ ತಿಗರಿಗೆ ಕುಳಿತ. ವ್ಯಾಪಾರಿ ಹೇಳಿದ ಅಳತೆಗೆ ಇನ್ನೊಂದನ್ನು ಎತ್ತಿ, ಎರಡನ್ನೂ ಆವಿಗೆಯೊಳಗೆ ಅಕ್ಕಪಕ್ಕ ಇಟ್ಟ.

ಆವಿಗೆ ಉರಿದು ತಣಿಯುವಷ್ಟರಲ್ಲಿ ಮುದುಕಿಗೆ ಎದ್ದು ಕೂರುವುದೂ ಕಷ್ಟವಾಗಿತ್ತು. ವ್ಯಾಪಾರಿ ಗುಡ್ಡ ಹತ್ತಿ ಬಂದಾಗ ಎರಡು ಬಟ್ಟಲುಗಳೂ ಹಲಗೆಯ ಮೇಲಿದ್ದವು, ಬೆಳ್ಳಗೆ, ಹುಲ್ಲಿನ ಎಸಳಿನಂಥ ಒಂದೊಂದು ನೀಲಿ ಗೆರೆ ಹೊತ್ತು. ಅವನು ತನ್ನ ಅಳತೆಯದನ್ನೇ ಮೊದಲು ಎತ್ತಿಕೊಂಡ. ಅದು ಕುಗ್ಗಿ, ಹಾಲು ಬಿಟ್ಟು ಅನ್ನಕ್ಕೆ ಬಂದ ಮಗುವಿನ ಬಟ್ಟಲಾಗಿತ್ತು. ಅದನ್ನು ಸರಕ್ಕನೆ ಗಂಟಿನೊಳಗೆ ತುರುಕಿದ. ಇನ್ನೊಂದನ್ನು ಅಂಗೈಯಲ್ಲಿ ಹಿಡಿದು ಗುಡ್ಡ ಇಳಿದ. ದಾರಿಯುದ್ದಕ್ಕೂ ಕೆಳಗಿಡಲು ಮನಸ್ಸಾಗಲಿಲ್ಲ.

ಸೊಸೆ ಅದರಲ್ಲಿ ಬಿಸಿ ಅನ್ನ ಹಾಕಿ ಅತ್ತೆಯ ಮುಂದಿಟ್ಟಳು. ಮುದುಕಿ ಬಟ್ಟಲಿನ ಪಾದವನ್ನು ನೋಡಿದಳು. ಎಡಗೈಯನ್ನು ಬಟ್ಟಲಿನ ಬಳಿಗೆ ತಂದಳು. ಎರಡು ಬೆರಳು ಪಾದದ ಅಡಿಗೆ ಹೋದವು. ಹೆಬ್ಬೆರಳು ಅಂಚನ್ನು ಹಿಡಿಯಿತು. ಬಟ್ಟಲು ನಡುಗಿತು. ಆಮೇಲೆ ಎದ್ದಿತು. ಬಾಯಿಯವರೆಗೂ ಬಂದಿತು.

ಅವಳು ಯಾರ ಮುಖವನ್ನೂ ನೋಡದೆ, ಕೊನೆಯ ಅಗುಳಿನವರೆಗೆ ಉಂಡಳು.

ಬಟ್ಟಲು ಕೆಳಗಿಟ್ಟ ಮೇಲೆ ಅವಳ ಕಣ್ಣು ಗಂಟಿನ ಮೇಲೆ ಬಿತ್ತು. "ಅದರಲ್ಲೇನಿದೆ?"

ಮಗ ಮೆಲ್ಲಗೆ ಸಣ್ಣ ಬಟ್ಟಲನ್ನು ಹೊರತೆಗೆದ. "ಇದು ನಾನು ಅಳೆದದ್ದು."

ಮುದುಕಿ ಅದನ್ನು ಹೊರಳಿಸಿ ನೋಡಿದಳು. "ಚೆನ್ನಾಗಿದೆ. ಇದು ನಿನಗಿರಲಿ. ದೊಡ್ಡವನಾದ ಮೇಲೆ ದೊಡ್ಡದು ಮಾಡಿಸಿ ಕೊಡುತ್ತೇನೆ."

ಅಂದು ಅವನು ತಾಯಿಯ ಎದುರು ಕುಳಿತು ಅದರಲ್ಲೇ ಉಂಡ. ನಾಲ್ಕು ತುತ್ತಿಗೆ ಬಟ್ಟಲು ಬರಿದಾಗುತ್ತಿತ್ತು. ಬರಿದಾದಾಗಲೆಲ್ಲ ಮುದುಕಿ ಒಳಗೆ ಕೂಗಿ ಹೇಳುತ್ತಿದ್ದಳು: "ಮಗುವಿಗೆ ಇನ್ನಷ್ಟು ಬಡಿಸಮ್ಮ."

ಗುರುಗಳು ಕತೆ ನಿಲ್ಲಿಸಿದರು.

ಅಂದಾನಿ ಬಾಗಿಲ ಕಡೆ ನೋಡಿದ. ಮುದುಕ ಗಂಟಿನ ಪಕ್ಕದಲ್ಲೇ ಕುಳಿತಿದ್ದ.

"ಬೆಂಕಿಯ ಪಾಲು ಎಷ್ಟೆಂದು ನನಗೆ ತಿಳಿಯುವುದು ಹೇಗೆ, ಗುರುಗಳೆ?"

"ಕೊಟ್ರಜ್ಜನ ಕೈ ಒಮ್ಮೆಯಾದರೂ ಹಿಡಿದು ನೋಡಿದ್ದೀಯಾ? ಯಾವ ಬೆರಳಿನಲ್ಲಿ ಬಲ ಉಳಿದಿದೆ, ಹೇಳು."