ಓಬಳಯ್ಯನವರ ಖಾಲಿ ಕೊಕ್ಕೆ

ಹತ್ತಿರ ಬನ್ನಿ ಮಕ್ಕಳಾ. ಹಿಂದೆ ಕೂತವರಿಗೂ ಕೇಳಿಸಬೇಕು. ಇದು ಹಿಂದೆ ಕೂತವರ ಕಥೆ.

ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಎಂಟು ಪಾಠಶಾಲೆಗಳಿದ್ದವು. ಎಂಟೂ ಪಾಠಶಾಲೆಯ ಹುಡುಗರಿಗೆ ಒಂದೇ ಹುಚ್ಚು, ಬುಟ್ಟಿಚೆಂಡು. ಬಯಲಿನ ಈ ಕೊನೆಗೊಂದು ಕಂಬ, ಆ ಕೊನೆಗೊಂದು ಕಂಬ. ಕಂಬದ ತುದಿಗೆ ತಳವಿಲ್ಲದ ಬಿದಿರಿನ ಬುಟ್ಟಿ. ಆ ಕಡೆ ಐದು ಜನ, ಈ ಕಡೆ ಐದು ಜನ. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡಬೇಕು, ಬುಟ್ಟಿಗೆ ಹಾಕಬೇಕು. ಹಾಕಿದರೆ ಮಡಕೆಗೊಂದು ಬಿಳಿ ಕಲ್ಲು. ಚೆಂಡಿನೊಳಗೆ ಏನು ತುಂಬುತ್ತಿದ್ದರು, ಅದು ಹೇಗೆ ಪುಟಿಯುತ್ತಿತ್ತು ಅಂತ ನನ್ನನ್ನು ಕೇಳಬೇಡಿ. ನಾನು ನಮ್ಮಜ್ಜಿಯನ್ನು ಕೇಳಿದ್ದಕ್ಕೆ ತಲೆಗೆ ಮೊಟಕಿದ್ದಳು.

ಆಟಕ್ಕೆ ಎರಡು ಕಟ್ಟಳೆ. ಎದುರಾಳಿಯನ್ನು ತಳ್ಳಿದರೆ, ಹಿಡಿದೆಳೆದರೆ, ತಪ್ಪು ಮಾಡಿದವನ ಸೊಂಟದ ವಸ್ತ್ರಕ್ಕೆ ಒಂದು ಗಂಟು. ಐದು ಗಂಟು ಬಿದ್ದರೆ ಅವನು ಕಣದಿಂದ ಹೊರಗೆ. ಇನ್ನೊಂದು, ನೀರಿನ ಹಂಡೆಯಲ್ಲಿ ತೂತಿನ ತಾಮ್ರದ ಬಟ್ಟಲನ್ನು ತೇಲಿಬಿಡುವರು. ಬಟ್ಟಲು ಮುಳುಗಿದರೆ ಆಟ ಮುಗಿಯಿತು. ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ವರ್ಷಕ್ಕೊಮ್ಮೆ ರಾಜ ಎಂಟೂ ಪಾಠಶಾಲೆಗಳನ್ನು ಕರೆಸಿ ಪಂದ್ಯ ಆಡಿಸುತ್ತಿದ್ದ. ಮೂರು ದಿನದ ಪಂದ್ಯ. ಮೊದಲ ದಿನ ನಾಲ್ಕು ಪಾಠಶಾಲೆ ಸೋತು ಮನೆಗೆ. ಎರಡನೇ ದಿನ ಇನ್ನೆರಡು ಮನೆಗೆ. ಮೂರನೇ ದಿನ ಉಳಿದೆರಡರಲ್ಲಿ ಒಂದಕ್ಕೆ ಗೆಲುವು. ನಡುವೆ ಒಂದು ದಿನವೂ ಬಿಡುವಿಲ್ಲ. ಗೆದ್ದವರಿಗೆ ರಾಜನ ಕೈಯಿಂದ ಕಂಚಿನ ಗಂಟೆ. ಒಂದು ವರ್ಷ ಅದು ಗೆದ್ದ ಪಾಠಶಾಲೆಯ ಬಾಗಿಲಲ್ಲಿ ತೂಗುತ್ತಿತ್ತು.

ಈ ಎಂಟರಲ್ಲಿ ಒಂದು ಪಾಠಶಾಲೆಗೆ ಓಬಳಯ್ಯ ಅಂತ ಗುರುಗಳು. ಹೊಸದಾಗಿ ಬಂದ ವರ್ಷವೇ ಬಾಗಿಲ ತೊಲೆಗೆ ಒಂದು ಕಬ್ಬಿಣದ ಕೊಕ್ಕೆ ಹೊಡೆಸಿದ್ದರು, ಗಂಟೆ ತೂಗಹಾಕಲಿಕ್ಕೆ. ಮೂವತ್ತು ವರ್ಷವಾಯಿತು, ಕೊಕ್ಕೆ ಖಾಲಿ. ದಾರಿಯಲ್ಲಿ ಹೋಗುವವರು, "ಏನ್ ಗುರುಗಳೇ, ಕೊಕ್ಕೆಗೆ ಬಾವಲಿ ಆದ್ರೂ ಬಂತಾ?" ಅಂತ ಕೇಳಿ ನಗುತ್ತಿದ್ದರು. ಗುರುಗಳೂ ನಗುತ್ತಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಗು ಇರುತ್ತಿರಲಿಲ್ಲ.

ಓಬಳಯ್ಯ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವರನ್ನು ಬೈಯಲು ಶುರು ಮಾಡುತ್ತೀರಿ. ಅವರಿಗೆ ವಯಸ್ಸಾಗಿತ್ತು. ಆ ವರ್ಷ ಕಳೆದರೆ ಪಾಠಶಾಲೆಯನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಿತ್ತು. ಗಂಟೆ ಬಂದರೆ ಈ ವರ್ಷ ಬರಬೇಕು, ಇಲ್ಲದಿದ್ದರೆ ಅವರ ಪಾಲಿಗೆ ಇನ್ನಿಲ್ಲ.

ಆ ವರ್ಷ ಅವರ ಬಳಿ ಹನ್ನೆರಡು ಆಟಗಾರರಿದ್ದರು. ಹನ್ನೆರಡರಲ್ಲಿ ಐದು ಜನ ಹುಲಿಗಳು. ಅವರಿಗೆ ಮುಂದಾಳು ಭರಮಣ್ಣ. ಅವನು ಚೆಂಡು ಎಸೆದರೆ ಬುಟ್ಟಿಯೇ ಬಾಯಿ ತೆರೆದು ಕಾಯುತ್ತಿತ್ತು ಅನ್ನುತ್ತಾರೆ. ಈ ಐವರ ಹೆಸರು ಊರಿಗೆಲ್ಲ ಬಾಯಿಪಾಠ.

ಉಳಿದ ಏಳು ಜನ ಕಟ್ಟೆಯ ಮೇಲೆ ಕೂರುತ್ತಿದ್ದರು. ಐವರಿಗೆ ನೀರು ಕೊಡುವುದು, ಐವರ ಕಾಲಿಗೆ ಎಣ್ಣೆ ತಿಕ್ಕುವುದು, ಐವರು ಗೆದ್ದರೆ ಚಪ್ಪಾಳೆ ತಟ್ಟುವುದು. ಆ ಏಳರಲ್ಲಿ ಒಬ್ಬನ ಹೆಸರು ತಿಪ್ಪೇಶ. ಗಾಣದ ಮನೆಯ ಹುಡುಗ, ಉದ್ದನೆಯ ಕೈ, ಮಾತು ಕಮ್ಮಿ. ಹೆಗಲ ಮೇಲೆ ಯಾವಾಗಲೂ ಒಂದು ಚೌಕ, ಒರೆಸುವ ಬಟ್ಟೆ. ಚೆಂಡು ಕಣದಿಂದಾಚೆ ಹೋದರೆ ಓಡಿ ತರುವುದು ಅವನ ಕೆಲಸ. ತಂದು ಹಾಗೇ ಎಸೆಯುವಂತಿಲ್ಲ. ಚೌಕದಿಂದ ಮಣ್ಣು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಭರಮಣ್ಣನ ಕೈಗೆ ಕೊಡಬೇಕು. ಹಾಗಂತ ಗುರುಗಳ ಅಪ್ಪಣೆ. ಮೂರು ವರ್ಷ ತಿಪ್ಪೇಶ ಅದನ್ನೇ ಮಾಡಿದ. ತಂದ, ಒರೆಸಿದ, ಕೊಟ್ಟ.

ಪಂದ್ಯದ ಮೊದಲ ದಿನ ಬಂತು. ಅರ್ಧ ಬಟ್ಟಲು ಮುಳುಗುವ ಹೊತ್ತಿಗೆ ಓಬಳಯ್ಯನವರ ಮಡಕೆಯಲ್ಲಿ ಮೂವತ್ತು ಕಲ್ಲು, ಎದುರಿನ ಮಡಕೆಯಲ್ಲಿ ಎಂಟು. ಇನ್ನು ಸೋಲುವ ಮಾತೇ ಇಲ್ಲ. ತಿಪ್ಪೇಶ ಮೆಲ್ಲಗೆ ಗುರುಗಳ ಹತ್ತಿರ ಹೋದ.

"ಗುರುಗಳೇ, ಸ್ವಲ್ಪ ಹೊತ್ತು ನಾನು ಇಳೀಲಾ?"

ಗುರುಗಳು ರಾಜನ ಕಡೆ ನೋಡಿದರು. ರಾಜ ಭರಮಣ್ಣನ ಆಟಕ್ಕೆ ತಲೆದೂಗುತ್ತಿದ್ದ. ಕಲ್ಲಿನ ರಾಶಿ ಇನ್ನೂ ಏರಲಿ ಅಂತ ಗುರುಗಳಿಗೆ ಆಸೆಯಾಯಿತು.

"ನಾಳೆ ನೋಡೋಣ," ಅಂದರು.

ಐವರೇ ಕೊನೆತನಕ ಆಡಿದರು. ಅರವತ್ತು ಕಲ್ಲು ಬಿದ್ದವು. ಗೆದ್ದರು.

ಎರಡನೇ ದಿನ ಬಂತು. ಈ ಸಲ ಎದುರಿನವರು ಗಟ್ಟಿಗರು. ಆದರೂ ಬಟ್ಟಲು ಮುಕ್ಕಾಲು ಮುಳುಗುವಾಗ ಓಬಳಯ್ಯನವರ ಮಡಕೆಯಲ್ಲಿ ಹದಿನೈದು ಕಲ್ಲು ಹೆಚ್ಚಿಗೆ. ತಿಪ್ಪೇಶ ಮತ್ತೆ ಹೋದ.

"ಗುರುಗಳೇ, ಇವತ್ತು ಇಳೀಲಾ? ನಿನ್ನೆ ನಾಳೆ ಅಂದ್ರಿ."

ಅಷ್ಟರಲ್ಲಿ ಭರಮಣ್ಣನೂ ಕುಂಟುತ್ತಾ ಬಂದ. "ಗುರುಗಳೇ, ನನ್ನ ಕಾಲು ಹಿಡ್ಕೊಂತಾ ಇದೆ. ಒಂಚೂರು ಹೊತ್ತು ತಿಪ್ಪೇಶ ಆಡ್ಲಿ. ಅವನು ಚೆನ್ನಾಗಿ ಎಸೀತಾನೆ, ನಾನು ನೋಡಿದೀನಿ."

"ನೀನು ನಾಳೆ ಗಂಟೆ ತಗೊಂಡು ಬಾ, ಆಮೇಲೆ ವರ್ಷಪೂರ್ತಿ ಕೂತ್ಕೊಳ್ಳುವಿಯಂತೆ," ಅಂದರು ಗುರುಗಳು. ತಿಪ್ಪೇಶನ ಕಡೆ ತಿರುಗಿ, "ನಾಳೆ ನೋಡೋಣ," ಅಂದರು.

ಐವರೇ ಆಡಿದರು. ಗೆದ್ದರು. ಕಾಲೆಳೆಯುತ್ತಾ ಬಿಡಾರಕ್ಕೆ ಹೋದರು.

ಆ ಸಂಜೆ ಬಿಡಾರಕ್ಕೆ ಒಬ್ಬ ಹೆಂಗಸು ಬಂದಳು. ಹೊಳೆಯಾಚೆಯ ಪಾಠಶಾಲೆಯ ಗುರು ಹಾಲವ್ವ. ಅವಳ ಪಾಠಶಾಲೆಯೂ ಎರಡು ದಿನ ಗೆದ್ದಿತ್ತು. ಒಂದು ದಿನ ಎರಡು ಕಲ್ಲಿನಿಂದ, ಇನ್ನೊಂದು ದಿನ ಒಂದೇ ಕಲ್ಲಿನಿಂದ. ಮೂರನೇ ದಿನ ಅವರೇ ಎದುರಾಳಿಗಳು. ಹಾಲವ್ವ ಬಂದು ನೋಡುತ್ತಾಳೆ, ಐದು ಜನ ಅಂಗಾತ ಮಲಗಿದ್ದಾರೆ, ಏಳು ಜನ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ.

"ಓಬಳಯ್ಯನೋರೇ," ಅಂದಳು, "ಈ ಕಾಲು ತಿಕ್ಕೋ ಕೈಗಳು ಚೆಂಡು ಹಿಡಿಯೋದು ಯಾವಾಗ?"

ಗುರುಗಳು ನಕ್ಕರು. "ಹಾಲವ್ವನೋರೇ, ನಿಮ್ಮ ಹನ್ನೆರಡು ಜನದಲ್ಲಿ ನಮ್ಮ ಭರಮಣ್ಣನಂಥೋನು ಒಬ್ಬನಾದ್ರೂ ಇದಾನಾ?"

"ಇಲ್ಲ," ಅಂದಳು ಹಾಲವ್ವ. ಬಾಗಿಲ ತನಕ ಹೋದವಳು ನಿಂತಳು. ಮೂಲೆಯಲ್ಲಿ ತಿಪ್ಪೇಶ ಮರುದಿನಕ್ಕೆ ಅಂತ ಚೌಕ ಒಗೆದು ಹಿಂಡುತ್ತಿದ್ದ. ಅವನನ್ನು ಒಂದು ಗಳಿಗೆ ನೋಡಿದಳು. ಹೊರಟುಹೋದಳು.

ಮೂರನೇ ದಿನ ಬಂತು. ಆ ದಿನ ತಿಪ್ಪೇಶ ಕೇಳಲಿಲ್ಲ.

ಹಾಲವ್ವ ಐದು ಜನರನ್ನು ಇಳಿಸಿದಳು. ಸ್ವಲ್ಪ ಹೊತ್ತಿಗೆ ಅವರನ್ನು ಕರೆದು ಬೇರೆ ಐವರನ್ನು ಇಳಿಸಿದಳು. ಅವರಿಗೆ ದಣಿವಾಗುವ ಮೊದಲೇ ಉಳಿದಿಬ್ಬರನ್ನೂ ಸೇರಿಸಿ ಮತ್ತೆ ಬದಲಾಯಿಸಿದಳು. ಅವರಲ್ಲಿ ಹುಲಿ ಯಾರೂ ಇಲ್ಲ. ಆದರೆ ಎಲ್ಲರ ಕಾಲೂ ಹೊಸ ಕಾಲು. "ಬುಟ್ಟಿಯ ಚಿಂತೆ ಆಮೇಲೆ. ಮೊದಲು ಅವರನ್ನ ಓಡಿಸ್ರಪ್ಪಾ," ಅಂತ ಕೂಗುತ್ತಿದ್ದಳು.

ಅರ್ಧ ಬಟ್ಟಲಿನ ಹೊತ್ತಿಗೆ ಓಬಳಯ್ಯನವರು ಎಂಟು ಕಲ್ಲು ಮುಂದಿದ್ದರು. ಆಮೇಲೆ ಐವರ ಕಾಲು ಸೋತವು. ಕಾಲು ಹೋಗದಲ್ಲಿಗೆ ಕೈ ಹೋಗತೊಡಗಿತು. ಓಡಿ ತಡೆಯಲಾಗದೆ ಹಿಡಿದೆಳೆದರು. ಒಂದು ಗಂಟು, ಎರಡು ಗಂಟು, ಮೂರು ಗಂಟು. ಎಂಟು ಕಲ್ಲು ಐದಾಯಿತು, ಐದು ಎರಡಾಯಿತು. ಕಡೆಗೆ ಎರಡೂ ಮಡಕೆ ಸಮ ಸಮ. ಬಟ್ಟಲಿನ ಅಂಚು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಆಗ ಐವರಲ್ಲಿ ಒಬ್ಬನಿಗೆ ಐದನೇ ಗಂಟು ಬಿತ್ತು. ಅವನು ಹೊರಗೆ ಬಂದ.

ಓಬಳಯ್ಯ ಕಟ್ಟೆಯ ಕಡೆ ತಿರುಗಿದರು. ಏಳು ಮುಖಗಳು. ಇವರಲ್ಲಿ ಯಾರು ಎಡಗೈಯಲ್ಲಿ ಎಸೆಯುತ್ತಾರೆ, ಯಾರು ಬಲಗೈಯಲ್ಲಿ? ಯಾರು ಜೋರಾಗಿ ಓಡುತ್ತಾರೆ? ಮೂರು ವರ್ಷ ಅನ್ನ ಹಾಕಿದ ಗುರುವಿಗೆ ಅದು ಗೊತ್ತಿರಲಿಲ್ಲ. ಆಗ ಅವರಿಗೆ ಭಯವಾಯಿತು.

"ತಿಪ್ಪೇಶ, ಇಳಿ," ಅಂದರು.

ತಿಪ್ಪೇಶ ಹೆಗಲ ಮೇಲಿನ ಚೌಕ ತೆಗೆದ. ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟ. ಕಣಕ್ಕೆ ಇಳಿದ.

ಹಾಲವ್ವ ತನ್ನ ಹುಡುಗರಿಗೆ ಕೂಗಿ ಹೇಳಿದಳು. "ಈಗ ಬಂದನಲ್ಲ, ಅವನನ್ನ ಬಿಟ್ಬಿಡಿ. ಅವನ ಗುರುವೇ ಅವನನ್ನ ನಂಬಿಲ್ಲ. ಎಲ್ಲಾರೂ ಭರಮಣ್ಣನ್ನ ಮುತ್ಕೊಳ್ಳಿ."

ಮುತ್ತಿಕೊಂಡರು. ಭರಮಣ್ಣನಿಗೆ ಎತ್ತ ನೋಡಿದರೂ ಕೈಗಳೇ. ಅವನೊಬ್ಬನಿಗೆ ಒಂದು ಸಂಗತಿ ಗೊತ್ತಿತ್ತು. ದಿನಾ ಸಂಜೆ ಆಟ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ, ತಿಪ್ಪೇಶ ಚೆಂಡುಗಳನ್ನು ಗೋಣಿಗೆ ತುಂಬುವ ಮೊದಲು ಒಂದೊಂದನ್ನೂ ಬುಟ್ಟಿಗೆ ಎಸೆಯುತ್ತಿದ್ದ. ಹತ್ತು ಎಸೆದರೆ ಒಂಬತ್ತು ಬೀಳುತ್ತಿತ್ತು. ಮರೆತ ಸೀಗೆಪುಡಿ ತರಲು ಬಂದ ಭರಮಣ್ಣ ಒಂದು ದಿನ ಅದನ್ನು ಕಂಡಿದ್ದ. ಈಗ ಅವನು ಕೈಗಳ ಸಂದಿಯಿಂದ ಚೆಂಡನ್ನು ಜಾರಿಸಿ ತಿಪ್ಪೇಶನಿಗೆ ಕೊಟ್ಟ.

ತಿಪ್ಪೇಶ ಬುಟ್ಟಿಯ ಕೆಳಗೇ ನಿಂತಿದ್ದ. ಸುತ್ತ ಯಾರೂ ಇಲ್ಲ. ಚೆಂಡು ಅವನ ಕೈಯಲ್ಲಿದೆ. ಕೈ ಎತ್ತಿದರೆ ಸಾಕು.

ಅವನ ಬಲಗೈ ಹೆಗಲಿಗೆ ಹೋಯಿತು. ಹೆಗಲ ಮೇಲೆ ಚೌಕ ಇರಲಿಲ್ಲ. ಅಂಗಿಯ ಅಂಚನ್ನೇ ಎಳೆದುಕೊಂಡು ಚೆಂಡಿನ ಮಣ್ಣು ಒರೆಸಿದ. ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಭರಮಣ್ಣನ ಕಡೆಗೆ ಚಾಚಿದ.

ನಗಬೇಡಿ. ಆ ದಿನ ಜನವೆಲ್ಲ ನಕ್ಕರು. ಮೊದಲ ಸಲ ಕೇಳಿದಾಗ ನಾನೂ ನಕ್ಕೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆ.

ಚಾಚಿದ ಕೈಯಿಂದ ಹಾಲವ್ವನ ಹುಡುಗನೊಬ್ಬ ಚೆಂಡು ತೆಗೆದುಕೊಂಡ. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಅಂತ ಅವನಿಗೇ ಗಾಬರಿ. ಹೊಸ ಕಾಲಿನ ಹುಡುಗ, ಆ ಕೊನೆಯ ಬುಟ್ಟಿಗೆ ಓಡಿದ. ಅಟ್ಟಿಸಿಕೊಂಡು ಹೋಗಲು ಭರಮಣ್ಣನಿಗೆ ಕಾಲೇ ಏಳಲಿಲ್ಲ. ಚೆಂಡು ಬುಟ್ಟಿಗೆ ಬಿತ್ತು. ಗುಳುಂ ಅಂತ ಬಟ್ಟಲು ಮುಳುಗಿತು.

ರಾಜ ಹಾಲವ್ವನ ಕೈಗೆ ಗಂಟೆ ಕೊಟ್ಟು ಕೇಳಿದ. "ಏನಮ್ಮಾ, ನಿನ್ನ ಹುಡುಗರಲ್ಲಿ ಭರಮಣ್ಣನ ಸರಿಸಮ ಯಾರೂ ಇಲ್ಲ. ಹೇಗೆ ಗೆದ್ದೆ?"

"ಬುದ್ಧೀ, ಅವರದು ಐದು ಜನ. ನಮ್ಮದು ಹನ್ನೆರಡು ಜನ."

ರಾಜ ಓಬಳಯ್ಯನವರ ಕಡೆ ತಿರುಗಿದ. "ಗುರುಗಳೇ, ನಿಮ್ಮಲ್ಲೂ ಹನ್ನೆರಡು ಜನ ಇದ್ದರಲ್ಲ?"

ಓಬಳಯ್ಯನವರು ಒಮ್ಮೆ ಕಟ್ಟೆಯ ಕಡೆ ನೋಡಿದರು. ತಲೆ ತಗ್ಗಿಸಿ ನಿಂತರು.

ಪಾಠಶಾಲೆಗೆ ಮರಳಿದ ಮೇಲೆ ಗುರುಗಳು ತಿಪ್ಪೇಶನನ್ನು ಕರೆದರು. ಹುಡುಗ ಬಂದು ನಿಂತ.

"ಚೆಂಡಿಗೆ ಮಣ್ಣು ಹತ್ತಿತ್ತು ಗುರುಗಳೇ," ಅಂದ. "ಭರಮಣ್ಣನ ಕೈ ಜಾರೀತು ಅಂತ..."

"ನಿಂದೇನೂ ತಪ್ಪಿಲ್ಲ ಕಣಪ್ಪಾ," ಅಂದರು ಗುರುಗಳು. "ಮೂರು ವರ್ಷ ನಾನು ನಿಂಗೆ ಕಲಿಸಿದ್ದು ಅದೊಂದೇ. ಅದನ್ನ ನೀನು ಚೆನ್ನಾಗಿ ಕಲ್ತಿದೀಯ."

ಆಮೇಲೆ ಅವನನ್ನು ಬಯಲಿಗೆ ಕರೆದುಕೊಂಡು ಹೋಗಿ, "ಎಸಿ, ನಾನು ನೋಡ್ತೀನಿ," ಅಂದರು. ತಿಪ್ಪೇಶ ಹತ್ತು ಸಲ ಎಸೆದ. ಒಂಬತ್ತು ಬುಟ್ಟಿಗೆ ಬಿದ್ದವು. ಮುದಿ ಗುರುಗಳು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಮೊದಲ ದಿನ ಮೂವತ್ತು ಕಲ್ಲಿತ್ತು, ಎರಡನೇ ದಿನ ಹದಿನೈದು ಕಲ್ಲು ಹೆಚ್ಚಿತ್ತು. ಆ ಎರಡು ದಿನದಲ್ಲಿ ಒಂದು ಗಳಿಗೆ ಇವನನ್ನು ಇಳಿಸಿದ್ದರೆ ಏನು ಹೋಗುತ್ತಿತ್ತು? ಅದನ್ನೇ ಹೇಳಿ ಹೇಳಿ ಅತ್ತರು.

ತಿಪ್ಪೇಶ ಆ ವರ್ಷವೇ ಓದು ಮುಗಿಸಿ ಅಪ್ಪನ ಗಾಣಕ್ಕೆ ಹೋದ. ಮತ್ತೆ ಚೆಂಡು ಮುಟ್ಟಲಿಲ್ಲವಂತೆ. ಪಂದ್ಯದ ದಿನ ಅವನು ಕಟ್ಟೆಯ ಮೇಲೆ ಬಿಟ್ಟ ಚೌಕವನ್ನು ಓಬಳಯ್ಯ ಎತ್ತಿಕೊಂಡು ಬಂದಿದ್ದರು, ಅದನ್ನೇ ಬಾಗಿಲ ಕೊಕ್ಕೆಗೆ ತೂಗಹಾಕಿದರು. ಪಾಠಶಾಲೆ ಒಪ್ಪಿಸಿಕೊಳ್ಳಲು ಬಂದ ಹೊಸ ಗುರು, "ಇದೇನಿದು ಹಳೇ ಬಟ್ಟೆ, ತೆಗೆಸಿಬಿಡ್ಲಾ?" ಅಂದ.

"ಬೇಡ," ಅಂದರು ಓಬಳಯ್ಯ. "ದಿನಾ ಒಬ್ಬೊಬ್ಬ ಇದನ್ನ ಹೆಗಲಿಗೆ ಹಾಕ್ಕೊಂಡು ಚೆಂಡು ತರಲಿ. ಭರಮಣ್ಣನಂಥೋನು ಬಂದ್ರೂ ಅವನ ಸರದಿ ಅವನಿಗೆ. ಮಿಕ್ಕ ದಿನ ಎಲ್ಲಾರೂ ಆಡಲಿ."

ಹಾಗೇ ನಡೆಯಿತು. ಕೆಲವು ವರ್ಷದ ಮೇಲೆ ಗಂಟೆಯೂ ಬಂತು. ಚೌಕದ ಪಕ್ಕದಲ್ಲೇ, ಅದೇ ಕೊಕ್ಕೆಗೆ ತೂಗಹಾಕಿದರು. ಅದರ ಸದ್ದು ಕೇಳಲು ಓಬಳಯ್ಯ ಇರಲಿಲ್ಲ.

ನೀತಿ ಏನು ಅಂತ ಕೇಳುತ್ತೀರಿ, ಹೇಳುತ್ತೇನೆ. ಮೂರು ದಿನದ ಪಂದ್ಯವನ್ನು ಐದು ಜನ ಗೆಲ್ಲಲಾರರು. ಕಟ್ಟೆಯ ಮೇಲೆ ಕೂತವನ ಕೈಗೂ ಚೆಂಡು ಕೊಡಬೇಕು, ಅದೂ ಬಟ್ಟಲು ತೇಲುತ್ತಿರುವಾಗಲೇ ಕೊಡಬೇಕು. ಕಷ್ಟ ಬಂದ ದಿನ ಕೊಟ್ಟರೆ ಪಾಪ ಅವನು ಏನು ಮಾಡಿಯಾನು?

ಇನ್ನೊಂದು ಮಾತು. ಕಟ್ಟೆಯ ಮೇಲೆ ಏಳು ಜನ ಇದ್ದರು ಅಂದೆನಲ್ಲ, ನಾನು ಹೆಸರು ಹೇಳಿದ್ದು ಒಬ್ಬನದು. ಉಳಿದ ಆರು ಜನರ ಹೆಸರು ನಮ್ಮಜ್ಜಿಗೆ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ನಾನಾದರೂ ಕೇಳಿಕೊಂಡು ಇಟ್ಟುಕೊಳ್ಳಬಹುದಿತ್ತು, ಅವಳಿದ್ದಾಗ ಕೇಳಲಿಲ್ಲ. ಈ ಕಥೆ ಹೇಳಿದಾಗಲೆಲ್ಲ ನನಗೆ ಅದೇ ಸಂಕಟ.

ಏಳಿ, ಊಟಕ್ಕೆ ಹೊತ್ತಾಯಿತು. ಏಳುವ ಮುಂಚೆ ಒಂದು ಸಲ ತಿರುಗಿ, ನಿಮ್ಮ ಹಿಂದೆ ಕೂತವರ ಹೆಸರು ಕೇಳಿಕೊಳ್ಳಿ.