ತೊಟ್ಟಿಲು ಸೆರಗಿನ ಸೀರೆ

ಕಣಗಿಲಪುರ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ, ಹುಡುಕುತ್ತಾ ಹೋದರೆ ಕಥೆ ಇಲ್ಲೇ ನಿಂತುಬಿಡುತ್ತದೆ. ಆ ರಾಜ್ಯಕ್ಕೆ ಒಬ್ಬ ರಾಜ, ರಾಜನಿಗೆ ಒಬ್ಬಳು ರಾಣಿ, ಇಬ್ಬರಿಗೂ ಸೇರಿ ಒಬ್ಬಳೇ ಮಗಳು ಹೊನ್ನಮ್ಮ. ಆದರೆ ಈ ಕಥೆ ಅವರದಲ್ಲ. ಕೋಟೆಯ ಹೊರಗೆ, ಹುಣಸೆಮರದ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ಸೂಲಗಿತ್ತಿ ತಿಪ್ಪವ್ವನದು.

ಊರಿನ ಅರ್ಧ ಜನ ತಿಪ್ಪವ್ವನ ಕೈಯಲ್ಲೇ ಹುಟ್ಟಿದವರು. ಮೀಸೆ ತಿರುವುತ್ತಾ ಹೋಗುವ ದಳಪತಿಯನ್ನು ಕಂಡರೂ, "ಇಂವಾ? ಹುಟ್ಟಿದಾಗ ಅಳಲೇ ಇಲ್ಲ. ಕುಂಡಿ ಮ್ಯಾಲ ಎರಡು ಕೊಟ್ಟೆ ನೋಡು, ಆಗ ಬಾಯಿಬಿಟ್ಟ" ಅನ್ನುವಳು. ದಳಪತಿ ತಲೆ ಬಗ್ಗಿಸಿಕೊಂಡು ಹೋಗುವನು. ಎಲ್ಲರಿಗೂ ಅವಳು ಆಯಿ. ಬಸುರಿಯ ಕೈ ಹಿಡಿದುಕೊಂಡು ಆಯಿ ಬಂದಳೆಂದರೆ ಅರಮನೆಯ ಬಾಗಿಲೂ ತೆರೆಯಬೇಕು, ಯಾರೂ ತಡೆಯುವ ಹಾಗಿಲ್ಲ. ಅದು ಆ ರಾಜ್ಯದ ಕಟ್ಟಳೆ.

ಅಲ್ಲಿ ಇನ್ನೂ ಎರಡು ಪದ್ಧತಿ ಇದ್ದವು. ಮದುಮಗಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈಯೇ ಅವಳ ಕೆನ್ನೆಗೆ ದೃಷ್ಟಿಬೊಟ್ಟು ಇಡಬೇಕು, ಆಮೇಲೆ ತಾಳಿ. ಇದು ಒಂದು. ಸೆರಗಿಗೆ ತೊಟ್ಟಿಲು ಕಸೂತಿ ಹಾಕಿದ ಸೀರೆಯನ್ನು ಬಸುರಿ ಉಡಬಹುದು ಇಲ್ಲವೇ ಸೂಲಗಿತ್ತಿ ಉಡಬಹುದು, ಬೇರೆ ಯಾರೂ ಉಡುವ ಹಾಗಿಲ್ಲ. ಇದು ಇನ್ನೊಂದು.

ಹೊನ್ನಮ್ಮನ ಮದುವೆ ಗೊತ್ತಾಯಿತು. ಹುಡುಗಿ ಗುಡಿಸಲಿಗೇ ಓಡಿ ಬಂದು ತಿಪ್ಪವ್ವನ ಕೊರಳು ತಬ್ಬಿಕೊಂಡಳು.

"ಆಯಿ, ನೀ ಬಂದು ಬೊಟ್ಟು ಇಡೂತನಕ ನಾ ತಾಳಿಗೆ ಕುತ್ತಿಗಿ ಬಗ್ಗಿಸೂದಿಲ್ಲ ನೋಡು!"

"ಬರ್ತೀನಿ ನನ್ನವ್ವ. ತೆವಳಕೋತ ಆದ್ರೂ ಬರ್ತೀನಿ" ಅಂದಳು ತಿಪ್ಪವ್ವ.

ಇತ್ತ ರಾಣಿ ತಾನೇ ಸೂಜಿ ಹಿಡಿದು ಕೂತಳು. ಗಿಣಿಹಸಿರು ಸೀರೆ, ಕೆಂಪು ಸೆರಗು, ಸೆರಗಿನ ತುಂಬಾ ಬಿಳಿ ನೂಲಿನ ಒಂಬತ್ತು ತೊಟ್ಟಿಲು. ಮುಗಿಸಿ, ಮಡಿಸಿ, ಅರಮನೆಯ ಪಾರುಪತ್ಯಗಾರ ಹಂಪಣ್ಣನ ಕೈಗೆ ಕೊಟ್ಟಳು. "ತಿಪ್ಪವ್ವಾಯಿಗೆ ಮುಟ್ಟಿಸು. ಇದನ್ನೇ ಉಟ್ಟು ಬರಬೇಕಂತ ಹೇಳು" ಅಂದಳು.

ಹಂಪಣ್ಣನ ಮನೆಯಲ್ಲಿ ಬೇರೆಯೇ ರಗಳೆ ನಡೆದಿತ್ತು. ಅವನ ಹೆಂಡತಿ ಚಂಪವ್ವ ಹೊಳೆಯಾಚೆಯ ಊರಿನವಳು. ಅವಳ ಸೀರೆಪೆಟ್ಟಿಗೆಯ ಮುಚ್ಚಳ ಹಾಕಬೇಕೆಂದರೆ ಒಬ್ಬರು ಮೇಲೆ ಹತ್ತಿ ಕೂರಬೇಕು, ಅಷ್ಟು ಸೀರೆ. ಆದರೂ ಮದುವೆ ಬಂತೆಂದರೆ ಸಾಕು, "ನನಗ ಉಡಾಕ ಏನೈತಿ?" ಅಂತ ಮುಖ ಊದಿಸುವಳು. ಮೂರು ದಿನದಿಂದ ಒಲೆ ಹೊತ್ತಿರಲಿಲ್ಲ. ಹಸಿದ ಹಂಪಣ್ಣ ಕಂಕುಳಲ್ಲಿದ್ದ ಗಂಟನ್ನು ನೋಡಿದ. ಗಿಣಿಹಸಿರು ಬಣ್ಣ ನೋಡಿದ, ರೇಷ್ಮೆಯ ಅಂಚು ನೋಡಿದ. ಸೆರಗು ಮಡಿಕೆಯ ಒಳಗಿತ್ತು, ಅದನ್ನು ಬಿಚ್ಚಿ ನೋಡುವ ಗೋಜಿಗೆ ಅವನು ಹೋಗಲಿಲ್ಲ.

"ತಗೋ. ರಾಣಿಯವರು ನಿನಗಂತನ ಕಳಿಸ್ಯಾರ" ಅಂದ.

ಚಂಪವ್ವ ಒಳಗೆ ಹೋಗಿ ಸೆರಗು ಬಿಚ್ಚಿದಳು. ಅವಳ ತವರಿನಲ್ಲಿ ಇಂಥ ಪದ್ಧತಿ ಇರಲಿಲ್ಲ, ಅವಳ ಬಸಿರು ಬಾಣಂತನವೆಲ್ಲ ಅಲ್ಲೇ ಆಗಿದ್ದವು, ಇಲ್ಲಿಯ ಬಸುರಿಯರ ಸೆರಗನ್ನು ಅವಳು ಕಣ್ಣೆತ್ತಿಯೂ ನೋಡಿದವಳಲ್ಲ. "ಅಯ್ಯ, ಪಲ್ಲಕ್ಕಿ! ಒಂಬತ್ತು ಪಲ್ಲಕ್ಕಿ! ರಾಣಿಗೆ ನನ್ನ ಯೋಗ್ಯತಾ ಗೊತ್ತಾತು" ಅಂತ ಹಿಗ್ಗಿ, ಮದುವೆಯ ದಿನದವರೆಗೆ ಯಾರ ಕಣ್ಣಿಗೂ ಬೀಳದಂತೆ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಆ ದಿನ ಒಲೆ ಹೊತ್ತಿತು.

ಹೊಟ್ಟೆ ತುಂಬಿದ ಮೇಲೆ ಹಂಪಣ್ಣನಿಗೆ ದಿಗಿಲಾಯಿತು. ಮುದುಕಿ ಮದುವೆಗೆ ಬಂದರೆ ರಾಣಿ ಕೇಳದೆ ಬಿಡುತ್ತಾಳೆಯೇ, ನಾ ಕೊಟ್ಟ ಸೀರೆ ಎಲ್ಲಿ ಅಂತ? ಬಾರದಿದ್ದರೇ ಕ್ಷೇಮ, ಚಂಪವ್ವನ ಮೈಮೇಲೆ ಗಿಣಿಹಸಿರು ಸೀರೆ ಕಂಡರೂ ಅಂಥವು ಊರಲ್ಲಿ ನೂರಿವೆ. ನೆಟ್ಟಗೆ ಹುಣಸೆಮರದ ಕೆಳಗೆ ಹೋದ.

"ಆಯಿ, ಅರಮನಿ ಅಪ್ಪಣೆ ಆಗೇತಿ. ಹಳೇ ಸೀರಿ, ತ್ಯಾಪಿ ಹಾಕಿದ ಸೀರಿ ಉಟ್ಟವರನ್ನ ಚಪ್ಪರದೊಳಗ ಬಿಡೂದಿಲ್ಲ."

"ನನಗೇನರ ಕಳಿಸ್ಯಾಳೇನಪ್ಪ ರಾಣಿ?"

"ಇಲ್ಲಬೇ. ದೊಡ್ಡವರು, ಮರೆತಿರಬೇಕು" ಅಂದ ಹಂಪಣ್ಣ, ಮರದ ಕಡೆ ನೋಡುತ್ತಾ.

ತಿಪ್ಪವ್ವನಿಗೆ ಇದ್ದದ್ದು ಒಂದೇ ಸೀರೆ, ಅದಕ್ಕೂ ಮೊಣಕಾಲಿನ ಹತ್ತಿರ ಒಂದು ತೇಪೆ. ಸೀರೆ ಸಿಗದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ, ಕೂಸಿಗೆ ಕೊಟ್ಟ ಮಾತು ಮುರಿಯುತ್ತದೆ. ಕಣ್ಣೊರೆಸಿಕೊಂಡು ಸೀರೆ ಹುಡುಕಲು ಹೊರಟಳು.

ಮೊದಲು ಜವಳಿ ಅಂಗಡಿಯವನ ಮನೆಗೆ ಹೋದಳು. ಅವನ ಹೆಂಡತಿ ಮೈತುಂಬಾ ಜರಿಯಿದ್ದ ಸೀರೆ ತಂದುಕೊಟ್ಟಳು. "ಉಟ್ಕೋ ಆಯಿ, ನನ್ನ ಅವಳಿ ಮಕ್ಕಳನ್ನ ಉಳಿಸಿದಾಕಿ ನೀನು. ಆದ್ರ ಕುಂದ್ರಬ್ಯಾಡ, ಜರಿ ಮುರೀತೈತಿ."

ಎರಡನೆಯದು ಅಕ್ಕಸಾಲಿಗನ ಮನೆ. ಅವನ ತಾಯಿ ಹಾಲಿನಂಥ ಬಿಳಿ ಸೀರೆ ಕೊಟ್ಟಳು. "ಉಟ್ಕೋ ತಿಪ್ಪಿ, ಆದ್ರ ಊಟಕ್ಕ ಕುಂದ್ರಬ್ಯಾಡ. ಒಂದು ಹನಿ ಸಾರು ಬಿದ್ದರೂ ಕಲಿ ಹೋಗೂದಿಲ್ಲ."

ಮೂರನೆಯದು ಗಾಣಿಗರ ಮನೆ. ಅಲ್ಲಿಯ ಸೊಸೆ ತನ್ನ ಅಜ್ಜಿಯ ಕಾಲದ ರೇಷ್ಮೆ ಸೀರೆ ಕೊಟ್ಟಳು. "ಉಟ್ಕೋ ಆಯಿ. ಆದ್ರ ಕೈ ಮ್ಯಾಲ ಎತ್ತಬ್ಯಾಡ. ಜೀರ್ಣ ಆಗೇತಿ, ಪರ್ ಅಂತ ಹರೀತೈತಿ."

ತಿಪ್ಪವ್ವನಿಗೆ ನಗು ಬಂತು. "ಕೂಡಂಗಿಲ್ಲ, ಉಣ್ಣಂಗಿಲ್ಲ, ಕೈ ಎತ್ತಂಗಿಲ್ಲ. ಹಂಗಾದ್ರ ಮದುವಿಗೆ ನಾ ಯಾಕ ಹೋಗಲಿ, ಬೊಂಬಿ ಕಳಿಸಿದ್ರ ಸಾಕು!" ಅಂತ ಮೂರೂ ಸೀರೆ ಮೂರೂ ಮನೆಗೆ ವಾಪಸು ಕೊಟ್ಟಳು. ತನ್ನ ತೇಪೆ ಸೀರೆಯನ್ನೇ ಹಳ್ಳದಲ್ಲಿ ಒಗೆದು, ಬಂಡೆಯ ಮೇಲೆ ಒಣಗಿಸಿ, ಕಾಡಿಗೆಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಯ ದಿನ ಹೊರಟಳು. ಆಗಿದ್ದಾಗಲಿ ಅಂದುಕೊಂಡಳು.

ಬಾಗಿಲಲ್ಲಿ ಹಂಪಣ್ಣನೇ ಕಾವಲು ನಿಂತಿದ್ದ. ಆಗಲೇ ಹತ್ತಾರು ಬಡವರನ್ನು ಹಿಂದಕ್ಕೆ ಕಳಿಸಿದ್ದ. ತಿಪ್ಪವ್ವನನ್ನು ಕಂಡದ್ದೇ ಕೋಲು ಅಡ್ಡ ಹಿಡಿದ.

"ತ್ಯಾಪಿ ಸೀರಿ. ಹಿಂದಕ್ಕ ನಡಿ ಆಯಿ."

"ಬೊಟ್ಟು ಇಟ್ಟು ಬಂದುಬಿಡ್ತೀನೋ ನನ್ನಪ್ಪ."

"ಬೊಟ್ಟು ಇಡಾಕ ಬೇರೆ ಯಾರರ ಸಿಗ್ತಾರ. ನಡಿ ನಡಿ."

ಒಳಗಿಂದ ವಾಲಗದ ಸದ್ದು ಕೇಳುತ್ತಿತ್ತು. ಮುಹೂರ್ತ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಗಾಡಿ ಬಂದು ನಿಂತಿತು. ಗಾಡಿಯಿಂದ ಚಂಪವ್ವ ಇಳಿದಳು. ಸೆರಗನ್ನು ಎದೆತುಂಬಾ ಹರವಿಕೊಂಡು, ಒಂಬತ್ತೂ ಪಲ್ಲಕ್ಕಿ ಊರಿಗೆ ಕಾಣಲಿ ಅಂತ ನಿಧಾನವಾಗಿ ನಡೆದು ಬಂದಳು.

ಹಂಪಣ್ಣ ಆ ಸೆರಗನ್ನು ನೋಡಿದ್ದು ಅದೇ ಮೊದಲು. ಅವನ ಕೈಯ ಕೋಲು ಕೆಳಗೆ ಬಿತ್ತು.

ತಿಪ್ಪವ್ವನೂ ನೋಡಿದಳು. ರಾಣಿಯ ಹೊಲಿಗೆ ಅವಳಿಗೆ ಗೊತ್ತಿಲ್ಲವೇ? ಯಾರಿಗೆ ಹೊಲಿದದ್ದು, ಯಾರ ಮೈಮೇಲೆ ಬಂತು, ಎಲ್ಲ ಒಂದು ಗಳಿಗೆಯಲ್ಲಿ ಹೊಳೆಯಿತು. ಕಳ್ಳ ಕಳ್ಳ ಅಂತ ಕೂಗಿದರೆ ಮುದುಕಿಯ ಮಾತು ಯಾರು ಕೇಳುತ್ತಾರೆ? ಅವಳು ಹಾಗೆ ಕೂಗಲಿಲ್ಲ. ಎರಡೂ ಕೈಯಿಂದ ಚಂಪವ್ವನ ದೃಷ್ಟಿ ತೆಗೆದು, ಲಟಲಟ ನೆಟಿಗೆ ಮುರಿದು, ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಅಯ್ಯ ನನ್ನವ್ವ ಚಂಪವ್ವ! ಮೂರು ಮೊಮ್ಮಕ್ಕಳಾದ ಮ್ಯಾಲ ದೇವರು ಮತ್ತ ಕಣ್ಣು ತೆರೆದನೇನ? ಎಷ್ಟು ತಿಂಗಳಾತು?"

"ಏನು ತಿಂಗಳು?" ಅಂದಳು ಚಂಪವ್ವ.

"ನಾಚಬ್ಯಾಡ ನಾಚಬ್ಯಾಡ. ತೊಟ್ಟಿಲ ಸೆರಗು ಉಟ್ಟೀದಿ, ನಾವೇನು ಕುರುಡರೇನು? ಬಾ, ನಾ ಕೈ ಹಿಡೀತೀನಿ. ಕಾಲು ಜಾರೀತು!" ಎಂದು ತಿಪ್ಪವ್ವ ಅವಳ ರಟ್ಟೆಯನ್ನು ಭದ್ರವಾಗಿ ಹಿಡಿದು ಬಾಗಿಲು ದಾಟಿಯೇಬಿಟ್ಟಳು.

ಹಂಪಣ್ಣ ತಡೆಯೋಣ ಅಂದರೆ ಬಸುರಿಯ ಕೈ ಹಿಡಿದ ಸೂಲಗಿತ್ತಿ. ಹೆಂಡತಿ ಬಸುರಿ ಅಲ್ಲ ಅನ್ನೋಣ ಅಂದರೆ ಸೀರೆ ಎಲ್ಲಿಂದ ಬಂತು ಅಂತ ಹೇಳಬೇಕು. ಪಾಪ, ಬೆವರು ಒರೆಸಿಕೊಳ್ಳುತ್ತಾ ಹಿಂದೆ ಹಿಂದೆ ಬಂದ.

ಒಳಗೆ ಹೆಂಗಸರೆಲ್ಲ ಮುತ್ತಿಕೊಂಡರು. ಒಬ್ಬಳು ಮೆತ್ತೆ ತಂದಳು. ಒಬ್ಬಳು ಹುಣಸೆಹಣ್ಣು ತಂದಳು. ಇನ್ನೊಬ್ಬಳು ಹಂಪಣ್ಣನ ಬಿಳಿಮೀಸೆ ನೋಡಿ ಕಿಸಕ್ಕನೆ ನಕ್ಕಳು. ಚಂಪವ್ವ ಕೆಂಪಾಗಿ, ಕಪ್ಪಾಗಿ, ಅಳುವಂತಾದಳು. ಗಲಾಟೆ ಕೇಳಿ ರಾಣಿ ಎದ್ದು ಬಂದಳು. ಸೆರಗು ನೋಡಿದ್ದೇ ಅವಳ ಹುಬ್ಬು ಗಂಟಾಯಿತು.

"ಚಂಪವ್ವ, ನೀ ಸೂಲಗಿತ್ತಿ ಏನು?"

"ಇಲ್ರಿ ತಾಯಿ."

"ಬಸುರಿ ಏನು?"

"ಶಿವ ಶಿವ! ಇಲ್ರೀ ತಾಯಿ!"

"ಮತ್ತ ಈ ಸೀರಿ ಎಲ್ಲಿಂದ ಬಂತು?"

"ನೀವ ಕಳಿಸೀರಂತ ಇಂವ ಕೊಟ್ಟನಲ್ರಿ!" ಎಂದು ಚಂಪವ್ವ ಗಂಡನ ಕಡೆ ಬೆರಳು ತೋರಿಸಿದಳು. "ನನ್ನ ಮರ್ಯಾದಿ ಹರಾಜು ಹಾಕಿದೆಲ್ಲೋ ಪುಣ್ಯಾತ್ಮಾ!"

ಹಂಪಣ್ಣ ರಾಜನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ತೇಪೆ ಸೀರೆಯ ಅಪ್ಪಣೆ ಅರಮನೆಯದಲ್ಲ, ತನ್ನದೇ ತಲೆಯದು ಅಂತಲೂ ಹೇಳಿದ.

"ಬಾಗಿಲಿಂದ ಯಾರ್ಯಾರನ್ನ ಹಿಂದಕ್ಕ ಕಳಿಸಿದಿ, ಅವರ ಮನಿಗೆಲ್ಲ ನೀನ ಹೋಗು" ಅಂದ ರಾಜ. "ಕೈ ಹಿಡಿದು ಕರಕೊಂಡು ಬಾ. ಅವರಿಗೆ ನೀನ ಎಲಿ ಹಾಕು, ನೀನ ಬಡಿಸು. ಅವರು ಕೈ ತೊಳೆದ ಮ್ಯಾಲ ನಿನಗ ಊಟ. ನಾಳಿಂದ ಪಾರುಪತ್ಯ ಬ್ಯಾರೆಯವರು ನೋಡ್ಕೋತಾರ."

ರಾಣಿ ತಿಪ್ಪವ್ವನ ಕೈ ಹಿಡಿದಳು. "ಬಾ ಆಯಿ, ಒಳಗ ನನ್ನ ಸೀರಿ ಉಡಿಸ್ತೀನಿ."

ಆಗ ಹಸೆಯ ಮೇಲಿಂದ ಹೊನ್ನಮ್ಮ ಎದ್ದು ನಿಂತಳು. "ಬ್ಯಾಡವ್ವ! ಆಯಿ ಹಿಂಗ ಬರಲಿ. ಆ ತ್ಯಾಪಿ ನೋಡು, ನನ್ನ ಲಂಗದ್ದಲ್ಲೇನು?"

ಹೌದು, ಅದೇ. ಮೂರು ವರ್ಷದವಳಿದ್ದಾಗ ಹೊನ್ನಮ್ಮ ಆಯಿಯ ಸೀರೆ ಹಿಡಿದು ಜೋತು ಬಿದ್ದು ಹರಿದಿದ್ದಳು. ತಪ್ಪಾಯಿತು ಅಂತ ಅತ್ತು, ತನ್ನ ಹಳದಿ ಲಂಗದ ತುಂಡನ್ನೇ ತಂದುಕೊಟ್ಟಿದ್ದಳು. ಅದನ್ನು ತಿಪ್ಪವ್ವ ಇಷ್ಟು ವರ್ಷ ಮೊಣಕಾಲ ಮೇಲೆ ಹೊತ್ತಿದ್ದಳು. ಈಗ ಕಾಡಿಗೆಯಲ್ಲಿ ಬೆರಳದ್ದಿ, ಕೈ ಎತ್ತಿ, ಕೆನ್ನೆಗೆ ಬೊಟ್ಟಿಟ್ಟಳು. ಆಮೇಲೆ ಧಾರಾಳವಾಗಿ ಕೂತಳು, ಎರಡು ಸಲ ಹಾಕಿಸಿಕೊಂಡು ಉಂಡಳು. ಬಡಿಸಿದವನು ಹಂಪಣ್ಣ.

ಮರುದಿನ ಚಂಪವ್ವ ಸೀರೆಯನ್ನು ಒಗೆದು ಮಡಿಸಿ, ತಾನೇ ಗುಡಿಸಲಿಗೆ ತಂದುಕೊಟ್ಟು ಕಾಲು ಮುಟ್ಟಿದಳು. ತಿಪ್ಪವ್ವ ಅದನ್ನು ಎತ್ತಿಟ್ಟಳು. ಮುಂದಿನ ವರ್ಷ ಹೊನ್ನಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಉಟ್ಟಳು.

ಇಷ್ಟೇ ಕಥೆ. ಇನ್ನೊಬ್ಬರಿಗೆಂದು ಹೊಲಿದ ಸೀರೆಯನ್ನು ಕದ್ದು ಮನೆಗೆ ತಂದರೆ, ಅದು ನಾಲ್ಕು ಜನರ ನಡುವೆ ಬಾಯಿಬಿಟ್ಟು ಹೇಳಿಯೇ ಹೇಳುತ್ತದೆ. ಇನ್ನು ಮದುವೆಗೆ ಏನು ಉಡಲಿ ಅಂತ ಪೆಟ್ಟಿಗೆ ಮುಂದೆ ಕೂತಿದ್ದೀರಲ್ಲ ನೀವು, ಒಗೆದದ್ದು ಯಾವುದಿದೆಯೋ ಅದನ್ನು ಉಟ್ಟು ಬೇಗ ಹೊರಡಿ. ಅಲ್ಲಿ ನಿಮ್ಮ ದಾರಿ ಕಾಯುವವರು ನಿಮ್ಮನ್ನು ಕಾಯುತ್ತಾರೆ, ಸೀರೆಯನ್ನಲ್ಲ.