ಗರಡಿಯ ಸಾಲಿನಲ್ಲಿ ಮೊದಲನೆಯವನು

“ಗುರುಗಳೇ, ಯಾವ ಹುಡುಗ ಮುಂದೆ ದೊಡ್ಡ ಆಟಗಾರನಾಗುತ್ತಾನೆ ಎಂದು ಈಗಲೇ ತಿಳಿಯುವುದು ಹೇಗೆ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಪಟ್ಟಣದ ಕಬಡ್ಡಿ ಸಂಘದಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದ. ಸಂಘದ ದೊಡ್ಡ ತಂಡಕ್ಕೆ ಮುಂದೆ ಬೇಕಾಗುವವರು ಈ ಹುಡುಗರಿಂದಲೇ ಬರಬೇಕು. ಅವರಿಗೆಲ್ಲ ಒಂದು, ಎರಡು ಎಂದು ಸ್ಥಾನ ಕೊಡು, ಕೊನೆಯವನನ್ನು ಮನೆಗೆ ಕಳಿಸು ಎಂದು ಸಂಘದವರು ಹೇಳಿದ್ದರು. ಹೇಳಿದಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ತನಗೆ ಆಟ ಕಲಿಸಿದ ಮುರಿಗೆಯ್ಯನವರನ್ನೇ ಕೇಳೋಣವೆಂದು ಬಂದಿದ್ದ.

“ಸ್ಥಾನ ಕೊಟ್ಟಾಯಿತೋ, ಇನ್ನೂ ಕೊಡಬೇಕೋ?” ಎಂದರು ಮುರಿಗೆಯ್ಯನವರು.

“ಕೊಟ್ಟಾಯಿತು. ಎಲ್ಲಿ ತಪ್ಪಿದೆನೋ ಎಂದು ಹೆದರಿಕೆ.”

“ಹೆದರಿಕೆ ಇದೆಯಲ್ಲ, ಅಷ್ಟರ ಮಟ್ಟಿಗೆ ವಾಸಿ. ಕೂತುಕೋ. ಒಬ್ಬ ಉಸ್ತಾದನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಚಿಕ್ಕಂದಿನಿಂದಲೂ ಇದೆ.”

ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಂದು ಗರಡಿ ಮನೆ. ಅಲ್ಲೊಬ್ಬ ಉಸ್ತಾದ್. ಕುಸ್ತಿ ಕಲಿಯುವ ಹುಡುಗರನ್ನು ಅವನು ಯೋಗ್ಯತೆಯ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದ. ಮಳೆಗಾಲದ ಮೊದಲು ಸಾಲು ನಿಂತಿತೆಂದರೆ ಮಳೆಗಾಲ ಮುಗಿಯುವ ತನಕ ಬದಲಾಗುವಂತಿಲ್ಲ. ಮುಗಿದ ಮೇಲೆ ಮೊದಲನೆಯವನು ದೊಡ್ಡ ಊರಿನ ಗರಡಿಗೆ ಹೋಗುತ್ತಿದ್ದ, ಕೊನೆಯವನು ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದ.

ಉಸ್ತಾದನ ಲೆಕ್ಕ ಯಾವ ವರ್ಷವೂ ತಪ್ಪಿದ್ದಿಲ್ಲ. ಮೊದಲು ನಿಲ್ಲಿಸಿದವನು ಗೆದ್ದೇ ಗೆಲ್ಲುತ್ತಿದ್ದ. “ನನ್ನ ಕಣ್ಣು ಅಂದರೆ ಕಣ್ಣು” ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳಲಿ ಬಿಡು. ಆದರೆ ಅವನು ಮಾಡುತ್ತಿದ್ದುದೇನು ಗೊತ್ತೇ? ದಿನಾ ನಸುಕಿನಲ್ಲಿ ತಾನೇ ಮಣ್ಣಿಗಿಳಿದು ಮೊದಲನೆಯವನ ಜೊತೆ ಸೆಣಸುತ್ತಿದ್ದ. ಪಟ್ಟು ಹಾಕುವುದು, ಬಿಡಿಸಿಕೊಳ್ಳುವುದು, ಎಲ್ಲವನ್ನೂ ಮೈಗೆ ಮೈ ತಾಗಿಸಿ ಕಲಿಸುತ್ತಿದ್ದ. ಎರಡನೆಯವನಿಗೆ, ಮೂರನೆಯವನಿಗೆ ಅಷ್ಟಿಷ್ಟು. ಸಾಲಿನ ಬಾಲದ ತನಕ ಹೋಗುವಷ್ಟರಲ್ಲಿ ಬಿಸಿಲೇರಿ ಅವನಿಗೆ ಹಸಿವಾಗಿಬಿಡುತ್ತಿತ್ತು.

ಒಂದು ವರ್ಷ ಅವನು ಒಬ್ಬ ನೇಕಾರನ ಮಗನನ್ನು ಮೊದಲು ನಿಲ್ಲಿಸಿದ. ಒಬ್ಬ ಕುಂಬಾರನ ಮಗನನ್ನು ಕೊನೆಗೆ ನಿಲ್ಲಿಸಿದ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು, ಮೇಲಾಗಿ ಜೀವದ ಗೆಳೆಯರು. ಕುಂಬಾರನ ಮಗನಿಗೆ ಕುಸ್ತಿ ಎಂದರೆ ಪ್ರಾಣ. ಮನೆಗೆ ಹೋದರೆ ಮತ್ತೆ ಗರಡಿಯ ಹೊಸ್ತಿಲು ತುಳಿಯುವಂತಿಲ್ಲ. ಅವನು ಅಂದು ರೊಟ್ಟಿ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ನೇಕಾರನ ಮಗನಿಗೆ ಅದನ್ನು ನೋಡಲಾಗಲಿಲ್ಲ.

ಆ ಗರಡಿಯಲ್ಲಿ ಹುಡುಗರು ಕುಸ್ತಿಗೆ ಮೊದಲು ಒಬ್ಬರಿಗೊಬ್ಬರು ನೆತ್ತಿಯಿಂದ ಪಾದದವರೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಮಣ್ಣಿಗಿಳಿದ ಮೇಲೆ ಯಾರೂ ಮಾತಾಡುವಂತಿಲ್ಲ, ಉಸ್ತಾದನೂ ಹೆಸರು ಹಿಡಿದು ಕರೆಯುವಂತಿಲ್ಲ. “ಮೊದಲನೆಯವನೇ, ಬಾ” ಎನ್ನಬೇಕು, ಅಷ್ಟೇ. ಇರುವ ಬೆಳಕೆಂದರೆ ಒಂದು ಎಣ್ಣೆ ದೀಪ. ಸಾಲದ್ದಕ್ಕೆ ಉಸ್ತಾದನ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಜಂಬದ ಮನುಷ್ಯ.

ಮಾರನೆಯ ನಸುಕಿನಲ್ಲಿ ನೇಕಾರನ ಮಗ ಗೆಳೆಯನ ರಟ್ಟೆ ಹಿಡಿದು ತನ್ನ ಜಾಗದಲ್ಲಿ ನಿಲ್ಲಿಸಿದ. ತಾನು ಹೋಗಿ ಬಾಲದಲ್ಲಿ ನಿಂತ. ಉಸ್ತಾದ್ “ಮೊದಲನೆಯವನೇ, ಬಾ” ಎಂದ. ಕುಂಬಾರನ ಮಗ ಅಳುಕುತ್ತಲೇ ಹೋದ. ಅಂದು ಅವನು ಚೆನ್ನಾಗಿ ಆಡಲಿಲ್ಲ. ಉಸ್ತಾದ್ ಬೈಯಲಿಲ್ಲ. ಮೊದಲನೆಯವನಲ್ಲವೇ, ಮೈ ಸರಿಯಿಲ್ಲದಿರಬೇಕು ಎಂದುಕೊಂಡು ಇನ್ನಷ್ಟು ಹೊತ್ತು ಹೇಳಿಕೊಟ್ಟ. ಮರುದಿನವೂ ಹಾಗೆಯೇ ಆಯಿತು, ಮಳೆಗಾಲವಿಡೀ ಹಾಗೆಯೇ ನಡೆಯಿತು.

ಮಳೆ ನಿಂತ ಮೇಲೆ ದೊಡ್ಡ ಊರಿನಿಂದ ಒಬ್ಬ ವರ್ತಕ ಬಂದ. ಅಲ್ಲಿಯ ಗರಡಿಯನ್ನು ಸಾಕುವವನು ಅವನೇ. ಜೊತೆಗೆ ತನ್ನ ಪೈಲ್ವಾನನನ್ನೂ ಕರೆತಂದಿದ್ದ. ಸಾಲಿನ ಮೊದಲನೆಯವನು ಆ ಪೈಲ್ವಾನನನ್ನು ಎತ್ತಿ ಕೆಡವಿದ. ವರ್ತಕ ಹಿಗ್ಗಿ, “ಇವನು ಯಾರ ಮಗ?” ಎಂದು ಕೇಳಿದ.

“ನೇಕಾರನ ಮಗ. ನಾನು ಮೊದಲೇ ಹೇಳಿರಲಿಲ್ಲವೇ?” ಎಂದು ಉಸ್ತಾದ್ ಮೀಸೆ ತಿರುವಿದ. ಆಮೇಲೆ ಸಾಲಿನ ಕಡೆಗೆ ತಿರುಗಿ, “ಕೊನೆಯವನು ಇನ್ನು ಹೊರಡಬಹುದು” ಎಂದ.

ಬಾಲದಲ್ಲಿದ್ದವನು ಗಂಟು ಎತ್ತಿಕೊಂಡ.

ನೋಡು ಕೊಟ್ರಾ, ಕುಂಬಾರನ ಮಗ ಸುಮ್ಮನಿದ್ದಿದ್ದರೆ ಅವನ ಬದುಕು ಆ ಕ್ಷಣವೇ ನೆಟ್ಟಗಾಗುತ್ತಿತ್ತು. ಅವನಿಂದ ಆಗಲಿಲ್ಲ. ನಿಯಮ ಮುರಿದು ಬಾಯಿಬಿಟ್ಟ.

“ಉಸ್ತಾದರೇ, ನಾನು ಕುಂಬಾರನ ಮಗ. ಹೊರಟು ನಿಂತಿದ್ದಾನಲ್ಲ, ನೀವು ಮೊದಲು ನಿಲ್ಲಿಸಿದ್ದು ಅವನನ್ನು.”

ಉಸ್ತಾದ್ ಹತ್ತಿರ ಹೋಗಿ ಅವನ ಮುಖದ ಮಣ್ಣು ಒರೆಸಿದ. ಹೌದು, ಕುಂಬಾರನ ಮಗನೇ. ಬಾಲಕ್ಕೆ ಹೋಗಿ ಇನ್ನೊಬ್ಬನ ಮುಖ ಒರೆಸಿದ. ಉಸ್ತಾದನಿಗೆ ಕೋಪ ಬಂತು, ನಾಚಿಕೆಯೂ ಆಯಿತು.

“ಯಾಕಪ್ಪಾ ಹೀಗೆ ಮಾಡಿದೆ?” ಎಂದು ಕೇಳಿದ.

ನೇಕಾರನ ಮಗ ತಲೆ ತಗ್ಗಿಸಿ, “ಆ ಜಾಗದಲ್ಲಿ ಯಾರು ನಿಂತರೂ ನೀವು ಪ್ರೀತಿಯಿಂದ ಕಲಿಸುತ್ತೀರಿ. ಅವನೂ ಒಂದು ಸಲ ನಿಲ್ಲಲಿ ಅನ್ನಿಸಿತು” ಎಂದ.

ಉಸ್ತಾದ್ ಇಬ್ಬರನ್ನೂ ಬಾಚಿ ತಬ್ಬಿಕೊಂಡು ಎಲ್ಲರೆದುರೇ ಅತ್ತುಬಿಟ್ಟ. ಕುಂಬಾರನ ಮಗ ವರ್ತಕನ ಜೊತೆ ಹೋದ. ನೇಕಾರನ ಮಗ ಗಂಟು ಬಿಚ್ಚಿ ಗರಡಿಯಲ್ಲೇ ಉಳಿದ, ಮುಂದಿನ ವರ್ಷ ಅವನೂ ದೊಡ್ಡ ಊರಿಗೆ ಹೋದ. ಸಾಲು ನಿಲ್ಲಿಸುವುದನ್ನೇನೂ ಉಸ್ತಾದ್ ಬಿಡಲಿಲ್ಲ, ಆ ವಯಸ್ಸಿನಲ್ಲಿ ಅಭ್ಯಾಸ ಎಲ್ಲಿ ಹೋಗುತ್ತದೆ? ಆದರೆ ದಿನಾ ನಸುಕಿನಲ್ಲಿ ಬಾಲದಿಂದ ಶುರುಮಾಡುತ್ತಿದ್ದ.

ಕತೆ ಮುಗಿಸಿ ಮುರಿಗೆಯ್ಯನವರು ಎಲೆ ಅಡಿಕೆ ಹಾಕಿಕೊಂಡರು.

ಕೊಟ್ರೇಶ, “ಹಾಗಾದರೆ ನಾನು ಕೊಟ್ಟ ಸ್ಥಾನ ತಪ್ಪೇ, ಗುರುಗಳೇ? ನನ್ನ ಕೊನೆಯ ಹುಡುಗನಿಗೆ ನಿಜವಾಗಿಯೂ ಒಂದು ಹಿಡಿತ ಸರಿಯಾಗಿ ಬರುವುದಿಲ್ಲ” ಎಂದ.

“ಬರದಿರಬಹುದು, ಮಗನೇ. ಅವನ ಕೈ ಹಿಡಿದು ನೀನು ಅದನ್ನು ತೋರಿಸಿಕೊಟ್ಟದ್ದು ಯಾವತ್ತು?”